ದಂಡು: ಬಳ್ಳಾರಿಯ ಆಂಗ್ಲ ಸೇನಾನೆಲೆಯೂ ಪಡುವಣ ತಾಲ್ಲೂಕುಗಳ ಐತಿಹ್ಯವೂ

ಕೊಟ್ಟೂರಿನ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನ ಅಜ್ಜಿಯು ಬಳ್ಳಾರಿಯನ್ನು ಒಂದು ಊರಾಗಿ ಎಣಿಸುತ್ತಿರಲಿಲ್ಲ. ಆಕೆಯ ಮಾತಿನಲ್ಲಿ ಬಳ್ಳಾರಿ ಎಂಬುದು ಒಂದು, ದಂಡು ಎಂಬುದು ಇನ್ನೊಂದು. ಬಳ್ಳಾರಿಯಲ್ಲಿ ಕೋಟೆ, ಕಚೇರಿ, ಪೇಟೆಗಳಿದ್ದುವು; ದಂಡಿನಲ್ಲಿ ಸೋಜರರಿದ್ದರು. ಆಕೆಯು ದಂಡನ್ನು ಕಣ್ಣಾರೆ ಕಂಡವಳೋ ಕೇಳಿ ಬಲ್ಲವಳೋ ಎಂಬುದನ್ನು ವಿಚಾರಿಸುವ ಬುದ್ಧಿ ಆಗ ನನಗಿರಲಿಲ್ಲ. ಪಾಠಶಾಲೆಯಲ್ಲಿ ಅಮರವನ್ನೂ ಶಬ್ದಮಂಜರಿಯನ್ನೂ ಉರುಹೊಡೆಯುತ್ತಿದ್ದ ಹುಡುಗನಿಗೆ ಮನೆಯ ಮಾತು ವಿದ್ಯೆಯೆಂದು ತೋರುವುದುಂಟೆ? ಈಗ ಐವತ್ತು ದಾಟಿದ ಮೇಲೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವಿದ್ಯಾರ್ಥಿಗಳು ನನ್ನ ಬಳಿಗೆ ಬಂದು, ಕಡಲಾಚೆಯಿಂದ ಬಂದ ಆ ಸೇನೆಯ ನೆಲೆಯ ವಿಷಯವಾಗಿ ತಮ್ಮತಮ್ಮ ಊರುಗಳಲ್ಲಿ ಕೇಳಿದ ಕಥೆಗಳನ್ನು ಹೇಳುವಾಗ, ಅವುಗಳಲ್ಲಿ ಯಾವುದು ಇತಿಹಾಸ, ಯಾವುದು ಐತಿಹ್ಯ, ಐತಿಹ್ಯವಾದ ಮಾತ್ರಕ್ಕೆ ಅದು ತ್ಯಾಜ್ಯವೇ ಎಂಬ ಪ್ರಶ್ನೆಗಳು ಹುಟ್ಟುತ್ತಲಿವೆ. ಇವುಗಳನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಶಬ್ದವನ್ನು ನೋಡುವ. ಕನ್ನಡದ ‘ದಂಡು’ ಸಂಸ್ಕೃತದ ‘ದಂಡ’ದಿಂದ ಬಂದುದು. ಆ ಶಬ್ದಕ್ಕೆ ಕೋಲು, ಶಿಕ್ಷೆ, ಸೇನೆ ಎಂಬ ಮೂರರ್ಥಗಳೂ ಉಂಟು. ಮೂರೂ ಒಂದೇ ಕೈಯಲ್ಲಿರತಕ್ಕವು ಎಂಬುದನ್ನು ರಾಜನೀತಿಕಾರರು ಬಲ್ಲರು. ಸೇನೆಯು ಬೀಡುಬಿಟ್ಟ ಸ್ಥಳಕ್ಕೆ ಕೌಟಿಲ್ಯನು ‘ಸ್ಕಂಧಾವಾರ’ವೆನ್ನುತ್ತಾನೆ. ಮೈಸೂರಿನ ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣವು ಆರಂಭವಾಗುವುದೇ ಸ್ಕಂಧಾವಾರದ ನಿವೇಶನದಿಂದ. ಅಲ್ಲಿ ವರ್ತಕರೂ ರೂಪಾಜೀವೆಯರೂ ಹೆದ್ದಾರಿಯ ಬದಿಯಲ್ಲಿರತಕ್ಕದ್ದೆಂದು ವಿಧಿಯಿದೆ. ನಮ್ಮ ಶಾಸನಗಳಲ್ಲಿ ‘ಬೀಡು’, ‘ನೆಲೆವೀಡು’ಗಳು ಕಾಣುತ್ತವೆ. ಕೋಗಳಿ ಐನೂರು, ಬಳ್ಳಕುಂದೆ ಮುನ್ನೂರು, ನೊಳಂಬವಾಡಿ ಮೂವತ್ತೆರಡು ಸಾಸಿರಗಳು ಹರಡಿದ್ದ ಈ ನಾಡಿಗೆ ಸೇನೆಯ ಬೀಡು ಹೊಸದಲ್ಲ. ಹರಪನಹಳ್ಳಿಯ ಬಳಿಯ ಉಚ್ಚಂಗಿದುರ್ಗವನ್ನು ಕೊಂಡವರೆಷ್ಟು, ಕಳೆದುಕೊಂಡವರೆಷ್ಟು! ಇನ್ನು ‘ಪಾಳೆಯ’ವೆಂದರೂ ಸೇನೆಯ ಬೀಡೇ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರು ಹೆಸರಿನಿಂದಲೇ ಬೀಡಿನ ಒಡೆಯರು.

ಹಾಗಾದರೆ ಆಂಗ್ಲರ ದಂಡು ಯಾವ ವಿಷಯದಲ್ಲಿ ಬೇರೆ? ಹೊರಗಿನವರ ದಂಡೆಂಬ ಕಾರಣದಿಂದಲ್ಲ, ಏಕೆಂದರೆ ಪ್ರತಿಯೊಂದು ದಂಡೂ ಯಾರಿಗಾದರೂ ಹೊರಗಿನದೇ. ಹಿಂದಿನ ದಂಡಿನ ಒಡೆಯನು ಗೆದ್ದರೆ ಇಲ್ಲಿಯೇ ಕೆರೆ ಕಟ್ಟಿಸುತ್ತಿದ್ದನು, ಗುಡಿಗೆ ದತ್ತಿ ಬಿಡುತ್ತಿದ್ದನು, ಸತ್ತರೆ ಇಲ್ಲಿಯೇ ವೀರಗಲ್ಲಾಗುತ್ತಿದ್ದನು. ಈ ದಂಡಿನ ಒಡೆತನವು ಒಂದು ವರ್ತಕರ ಮಂಡಲಿಯದು. ಆ ಮಂಡಲಿಯ ಸಭೆ ಸೇರುತ್ತಿದ್ದುದು ಆರು ತಿಂಗಳ ಸಮುದ್ರಯಾನದಾಚೆ. ಅಂತಹ ಒಡೆಯನನ್ನು ಜನರ ನೆನಪು ಹೇಗೆ ಹಿಡಿದಿಟ್ಟುಕೊಳ್ಳಬೇಕು? ಮುಖವಿಲ್ಲದ ಒಡೆಯನಿಗೆ ನೆನಪು ತಾನೇ ಮುಖಗಳನ್ನು ಕೊಟ್ಟುಕೊಂಡ ಬಗೆಯು ಮುಂದೆ ಗೊತ್ತಾಗುವುದು.

ಈ ಸೀಮೆಯು ಕಂಪನಿಗೆ ಬಂದ ವಿವರವನ್ನು ಶಾಲಾಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆದರೆ ವಿಷಯದ ಮರ್ಮವಿರುವುದು ಅಲ್ಲಿಯೇ. ೧೭೯೨ರ ಮತ್ತು ೧೭೯೯ರ ಹಂಚಿಕೆಗಳಲ್ಲಿ ಟೀಪುವಿನ ರಾಜ್ಯದಿಂದ ನಿಜಾಮನಿಗೆ ದೊರೆತ ಪ್ರದೇಶಗಳನ್ನು ಅವನು ೧೮೦೦ನೆಯ ಇಸವಿ ಅಕ್ಟೋಬರ್ ತಿಂಗಳ ಒಪ್ಪಂದದಿಂದ ಕಂಪನಿಗೆ ಬಿಟ್ಟುಕೊಟ್ಟನು. ಏತಕ್ಕಾಗಿ? ಹೈದರಾಬಾದಿನಲ್ಲಿ ಅವನ ರಕ್ಷಣೆಗೆಂದು ಇರಿಸಿದ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ. ತುಂಗಭದ್ರೆಯು ಎಲ್ಲೆಯಾಯಿತು; ಹೊಳೆಯ ತೆಂಕಣ ಆದವಾನಿಯು ಈಚೆಗೂ ಬಡಗಣ ಕೊಪ್ಪಳವು ಆಚೆಗೂ ಸೇರಿದುವು. ಅಂದಮೇಲೆ ಈ ನಾಡು ಯುದ್ಧದಲ್ಲಿ ಸೋತು ಕೈಬದಲಾದುದಲ್ಲ. ಬೇರೊಂದು ಊರಿನಲ್ಲಿದ್ದ ಸೈನ್ಯದ ಸಂಬಳದ ಚೀಟಿಗೆ ಅಡವಾಗಿ ಹೋದುದು. ಸೇನಾನೆಲೆಯೆಂದರೆ ಬಳ್ಳಾರಿಯ ಬಾರೀಕುಗಳಷ್ಟೇ ಎಂದು ತಿಳಿಯುವವರು ಇದನ್ನು ಗಮನಿಸಬೇಕು. ಕೂಡ್ಲಿಗಿಯ ಜೋಳದ ಹೊಲವೂ ಹಡಗಲಿಯ ಹೊಳೆದಂಡೆಯ ಗದ್ದೆಯೂ ಕಂದಾಯದ ಲೆಕ್ಕದಲ್ಲಿ ದಂಡಿನ ಅಂಗಗಳೇ ಆಗಿದ್ದುವು. ಸಿಪಾಯಿಯ ಮುಖವನ್ನೇ ಕಾಣದ ರೈತನೂ ದಂಡಿಗೆ ದುಡಿದವನೇ.

ಅದೇ ೧೮೦೦ರ ಮುಂಗಾರಿನಲ್ಲಿ ಈ ನಾಡಿನ ಅಂಚಿನಲ್ಲಿ ಒಂದು ಬೆನ್ನಟ್ಟುವಿಕೆಯು ನಡೆಯಿತು. ಚನ್ನಗಿರಿಯ ಧೋಂಡಿಯಾ ವಾಘನು ಹೈದರನ ಕಾಲದಲ್ಲಿ ಸೇವೆಗೆ ಸೇರಿ, ಟೀಪುವಿನ ಸೆರೆಯಲ್ಲಿದ್ದು, ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಬಿಡುಗಡೆ ಹೊಂದಿ, ತನ್ನನ್ನು ಉಭಯಲೋಕಗಳಿಗೂ ಅಧಿಪತಿಯೆಂದು ಕರೆದುಕೊಂಡು ದಂಡು ಕಟ್ಟಿದನು. ಅವನನ್ನು ಹಿಡಿಯಲು ಹೊರಟ ಆರ್ಥರ್ ವೆಲ್ಲೆಸ್ಲಿಯು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ೧೮೦೦ನೆಯ ಸೆಪ್ಟೆಂಬರ್ ೧೦ರಂದು ಕೋಣಗಲ್ಲಿನಲ್ಲಿ ಅವನನ್ನು ಕೊಂದನು. ಈ ವೆಲ್ಲೆಸ್ಲಿಯೇ ಮುಂದೆ ೧೮೧೫ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದವನು. ಆಂಗ್ಲರ ಬರೆಹಗಳಲ್ಲಿ ಧೋಂಡಿಯನು ದರೋಡೆಗಾರ. ಈಚಿನ ಭಾಷಣಗಳಲ್ಲಿ ಅವನು ಸ್ವಾತಂತ್ರ್ಯವೀರ. ಮೊದಲನೆಯದು ಶತ್ರುವಿನ ಮಾತು, ಎರಡನೆಯದು ಅಭಿಮಾನಿಯ ಮಾತು. ಎರಡರಲ್ಲಿಯೂ ಅವನು ಹಾದುಹೋದ ಹಳ್ಳಿಗಳವರ ಮಾತಿಲ್ಲ. ಕೊಂದವನೇ ಅವನ ಎಳೆಯ ಮಗನಾದ ಸಲಾಬತ್ ಖಾನನನ್ನು ಸಾಕಿದನೆಂಬುದನ್ನೂ ಜೊತೆಯಲ್ಲಿ ಹೇಳದಿದ್ದರೆ ಕಥೆಯು ಪೂರ್ಣವಾಗದು.

ಆ ಓಟದಲ್ಲಿ ವೆಲ್ಲೆಸ್ಲಿಗೆ ಅತ್ಯವಶ್ಯವಾಗಿದ್ದುದು ಗುಂಡಲ್ಲ, ಅಕ್ಕಿ. ಧಾನ್ಯವನ್ನು ಹೇರೆತ್ತುಗಳ ಮೇಲೆ ಹೊತ್ತು ದಂಡಿನ ಹಿಂದೆ ಹೋಗುತ್ತಿದ್ದವರು ಬಣಜಾರರು, ಎಂದರೆ ನಮ್ಮ ಲಂಬಾಣಿಗಳು. ಅವನ ಪತ್ರಗಳಲ್ಲಿ ಅವರ ಹೆಸರೂ ಹೊಳೆ ದಾಟಿಸುವ ಹರಿಗೋಲುಗಳ ಚಿಂತೆಯೂ ಮತ್ತೆ ಮತ್ತೆ ಬರುತ್ತವೆ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗಳ ತಾಂಡಾಗಳಲ್ಲಿ ಇಂದು ವಾಸವಾಗಿರುವವರ ಪೂರ್ವಿಕರು ಎತ್ತಿನ ಹೇರನ್ನು ಬಿಟ್ಟು ನೆಲಕ್ಕೆ ಅಂಟಿಕೊಂಡುದು, ಗಾಡಿರಸ್ತೆಯೂ ರೈಲೂ ಬಂದು ದಂಡಿಗೆ ಅವರ ಅವಶ್ಯವು ತಪ್ಪಿದ ಮೇಲೆ. ದಂಡಿನ ಚರಿತ್ರೆಯನ್ನು ಬರೆಯುವವರು ಬಾರೀಕಿನ ಗೋಡೆಗಳನ್ನು ಅಳೆಯುವುದರ ಜೊತೆಗೆ ತಾಂಡಾದ ಹಾಡುಗಳನ್ನೂ ಕೇಳತಕ್ಕದ್ದು. ಹರಿಹರದಲ್ಲಿ ೧೮೬೫ರವರೆಗೂ ದೇಶೀಯ ಸಿಪಾಯಿಗಳ ಒಂದು ಪಟಾಲಮಿತ್ತು. ಹರಪನಹಳ್ಳಿಯವರಿಗೆ ಬಳ್ಳಾರಿಯ ದಂಡಿಗಿಂತ ಅದೇ ಹತ್ತಿರವಾಗಿದ್ದಿತು.

ಇನ್ನು ಬಳ್ಳಾರಿ. ಒಂದೇ ಕಲ್ಲಿನಂತೆ ಕಾಣುವ ಬೋಳುಗುಡ್ಡದ ಮೇಲೆ ಮೇಲುಕೋಟೆ. ಅದನ್ನು ಪಾಳೆಯಗಾರ ಹನುಮಪ್ಪನಾಯಕನು ಕಟ್ಟಿಸಿದನೆಂದು ಪ್ರತೀತಿ. ಬುಡದಲ್ಲಿ ಕೆಳಕೋಟೆ, ಅದು ಹೈದರಾಲಿಯ ಕಾಲದ್ದು. ಕಂಪನಿಯ ಸರಕಾರವು ಬಂದ ಮೇಲೆ ಕೋಟೆಯ ಹೊರಗಿನ ಬಯಲಿನಲ್ಲಿ ದಂಡು ಬೆಳೆಯಿತು. ದಂಡಿಗೆ ಅಂಟಿಕೊಂಡು ಕೌಲ್ ಬಜಾರು ಬೆಳೆಯಿತು. ಕೌಲೆಂದರೆ ‘ಇಂತಿಷ್ಟು ತೆರಿಗೆಗೆ, ಇಂತಹ ಕಟ್ಟಳೆಗೆ ನಿನ್ನನ್ನು ಇಲ್ಲಿರಿಸಿಕೊಳ್ಳುತ್ತೇವೆ’ ಎಂಬ ಅಭಯಪತ್ರ. ಅಂತಹ ಕೌಲನ್ನು ಪಡೆದು ನೆಲಸಿದ ವರ್ತಕರ ಬೀದಿಯೆಂಬುದನ್ನು ಹೆಸರೇ ಹೇಳುತ್ತದೆ. ಕೌಟಿಲ್ಯನ ವಿಧಿಯನ್ನು ಓದದ ಆಂಗ್ಲ ಸೇನಾಪತಿಗಳೂ ವರ್ತಕರನ್ನು ಹೆದ್ದಾರಿಯ ಬದಿಯಲ್ಲಿಯೇ ಇರಿಸಿದರು, ನೋಡಿರಿ! ಮತ್ತೊಂದು ಭಾಗಕ್ಕೆ ಬ್ರೂಸನೆಂಬ ಆಂಗ್ಲ ನ್ಯಾಯಾಧಿಕಾರಿಯ ಹೆಸರು ನಿಂತು ಬ್ರೂಸ್‌ಪೇಟೆಯಾಯಿತು.

ಈಗ ಪ್ರಕೃತಕ್ಕೆ ಬರುವ. ಬಳ್ಳಾರಿಯ ಕೋಟೆಯ ವಿಷಯವಾಗಿ ಎಲ್ಲರೂ ಬಲ್ಲ ಕಥೆಯೊಂದುಂಟು. ಹೈದರನು ಕೋಟೆಯನ್ನು ಬಲಪಡಿಸಲು ಒಬ್ಬ ಫ್ರೆಂಚ್ ಶಿಲ್ಪಿಯನ್ನು ನಿಯಮಿಸಿದನಂತೆ. ಕೆಲಸವು ಮುಗಿದ ಮೇಲೆ ಎದುರಿನ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾದುದರಿಂದ ಅಲ್ಲಿಂದ ಫಿರಂಗಿ ಹಾರಿಸಬಹುದೆಂಬುದು ತಿಳಿದು, ಕೋಪಗೊಂಡು ಅವನನ್ನು ಕೋಟೆಯ ಬಾಗಿಲಲ್ಲಿಯೇ ನೇಣುಹಾಕಿಸಿದನಂತೆ. ಮೂಡಣ ಬಾಗಿಲ ಬಳಿಯಿರುವ ಗೋರಿಯು ಅವನದೆಂದು ಕೆಲವರು. ಅದು ಒಬ್ಬ ಮುಸಲ್ಮಾನ ಸಂತನದೆಂದು ಮತ್ತೆ ಕೆಲವರು. ಆಂಗ್ಲರ ಕಾಲದ ಜಿಲ್ಲಾ ಗ್ರಂಥಗಳಿಗೂ ಈ ಕಥೆಯು ಹೊಕ್ಕಿತು, ಅಲ್ಲಿಂದ ಶಾಲೆಗಳಿಗೆ, ಈಗ ಪ್ರವಾಸಿಗರಿಗೆ ದಾರಿ ತೋರಿಸುವವರ ನಾಲಿಗೆಗೆ.

ನೈಯಾಯಿಕರ ಕಣ್ಣಿನಿಂದ ಇದನ್ನು ನೋಡಿದರೆ ಹೇಗಿರುತ್ತದೆ? ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ, ಪ್ರಮಾಣಗಳು ನಾಲ್ಕೇ ಅಲ್ಲ, ಐತಿಹ್ಯವೇ ಮೊದಲಾದುವೂ ಪ್ರಮಾಣಗಳೆಂಬ ಪೂರ್ವಪಕ್ಷವುಂಟು. ಐತಿಹ್ಯವೆಂದರೆ ಮೊದಲು ಹೇಳಿದವನು ಇಂಥವನೆಂದು ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಬಂದ ಪರಂಪರೆಯ ಮಾತೆಂದು ಭಾಷ್ಯಕಾರನು ವಿವರಿಸುತ್ತಾನೆ. ‘ಈ ಆಲದ ಮರದಲ್ಲಿ ಯಕ್ಷನಿದ್ದಾನೆ’ ಎಂಬುದು ಶಾಸ್ತ್ರಗ್ರಂಥಗಳಲ್ಲಿ ಬರುವ ವಾಡಿಕೆಯ ಉದಾಹರಣೆ. ‘ಈ ಗೋರಿಯಲ್ಲಿ ಫ್ರೆಂಚನಿದ್ದಾನೆ’ ಎಂಬುದು ಅದಕ್ಕಿಂತ ಎಷ್ಟು ದೂರ? ಸಿದ್ಧಾಂತಿಯ ಉತ್ತರವೇನೆಂದರೆ, ಐತಿಹ್ಯವು ಬೇರೆ ಪ್ರಮಾಣವಲ್ಲ, ಅದು ಶಬ್ದದಲ್ಲಿಯೇ ಅಂತರ್ಗತವು. ಹೇಳಿದವನು ಆಪ್ತನಾದರೆ ಪ್ರಮಾಣ, ಇಲ್ಲವಾದರೆ ಇಲ್ಲ. ಇದರಿಂದ ನಮಗೊಂದು ಕೆಲಸವು ಒದಗುತ್ತದೆ: ಕಥೆಯನ್ನು ನಂಬುವುದೂ ಅಲ್ಲ, ನಗುವುದೂ ಅಲ್ಲ, ಹೇಳಿದವರು ಯಾರಾಗಿರಬಹುದೆಂದು ಹುಡುಕುವುದು.

ಕಥೆಯೊಳಗಿನ ತೊಡಕನ್ನು ಮೊದಲು ಹೇಳುವೆನು. ಕುಂಬಾರಗುಡ್ಡವು ಬಚ್ಚಿಟ್ಟ ವಸ್ತುವಲ್ಲ; ಬಳ್ಳಾರಿಗೆ ಹೋದ ಎತ್ತಿನ ಗಾಡಿಯವನಿಗೂ ಅದು ಮೊದಲ ನೋಟಕ್ಕೇ ಕಾಣುತ್ತದೆ. ೧೭೭೫ರ ಸುಮಾರಿನಲ್ಲಿ ಆದವಾನಿಯ ಬಸಾಲತ್ ಜಂಗನ ಸೈನ್ಯವು ಈ ಕೋಟೆಯನ್ನು ಮುತ್ತಿದ್ದಾಗ, ಹೈದರನು ಶ್ರೀರಂಗಪಟ್ಟಣದಿಂದ ಐದೇ ದಿನಗಳಲ್ಲಿ ನಡೆದುಬಂದು ಮುತ್ತಿದವರನ್ನೂ ಸೋಲಿಸಿ ಕೋಟೆಯನ್ನೂ ತಾನೇ ವಶಪಡಿಸಿಕೊಂಡನೆಂದು ಚರಿತ್ರಕಾರರು ಬರೆದಿರುವರು. ಅಂತಹ ಯೋಧನ ಕಣ್ಣಿಗೆ ಎದುರಿನ ಗುಡ್ಡವು ಕೋಟೆಯ ಕೆಲಸವು ಮುಗಿಯುವವರೆಗೂ ಬೀಳಲಿಲ್ಲವೆಂದರೆ ಒಪ್ಪುವುದು ಕಷ್ಟ. ಎರಡನೆಯದಾಗಿ, ಗುಡ್ಡವನ್ನು ಆರಿಸಿದವನು ಶಿಲ್ಪಿಯಲ್ಲ. ಮೇಲುಕೋಟೆಯು ಅವನಿಗಿಂತ ಮೊದಲೇ ಇದ್ದಿತು. ಪಾಳೆಯಗಾರನು ಮಾಡಿದ ಆಯ್ಕೆಗೆ ಫ್ರೆಂಚನ ಕೊರಳೇಕೆ? ಮೂರನೆಯದಾಗಿ, ಬಳ್ಳಾರಿಯ ಆ ಪ್ರಸಂಗದಲ್ಲಿ ಹೆಸರು ತಿಳಿದಿರುವ ಫ್ರೆಂಚನೆಂದರೆ ಲ್ಯಾಲಿ. ಅವನು ಮುತ್ತಿಗೆ ಹಾಕಿದವರ ಕಡೆಯ ಸೇನಾನಿ. ತಪ್ಪಿಸಿಕೊಂಡು ಹೋದವನು, ಮುಂದೆ ಹೈದರನ ಸೇವೆಗೇ ಸೇರಿ ೧೭೮೦ರ ಪೊಳ್ಳಿಲೂರಿನ ಯುದ್ಧದಲ್ಲಿ ಅವನ ಪಕ್ಷದಲ್ಲಿದ್ದನು. ಕೊರಳಿಗೆ ನೇಣಂತೂ ಬೀಳಲಿಲ್ಲ.

ಒಡೆಯನು ಶಿಲ್ಪಿಯನ್ನು ಕೊಂದ, ಕೈ ಕತ್ತರಿಸಿದ ಎಂಬ ಕಥೆಗಳು ನಾಡುನಾಡುಗಳಲ್ಲಿವೆ, ತಾಜಮಹಲಿನದೊಂದೇ ಸಾಕು. ಇಂತಹ ಅಚ್ಚಿನ ಕಥೆಯು ಬಳ್ಳಾರಿಯಲ್ಲಿ ಏಕೆ ಊರಿತು? ನನ್ನ ಅಭಿಪ್ರಾಯದಲ್ಲಿ, ಅದು ಎಲ್ಲರಿಗೂ ಒಗ್ಗುತ್ತಿದ್ದುದರಿಂದ. ದಂಡಿನ ಆಂಗ್ಲರಿಗೆ ಹೈದರನು ಕ್ರೂರಿಯೆಂಬುದು ಬೇಕಾಗಿತ್ತು, ಫ್ರೆಂಚರು ಅವಿವೇಕಿಗಳೆಂಬುದು ಇನ್ನೂ ಹೆಚ್ಚಾಗಿ ಬೇಕಾಗಿತ್ತು. ಊರವರಿಗೋ, ಕಡಲಾಚೆಯಿಂದ ಬಂದು ತಾನೇ ಬಲ್ಲೆನೆಂದ ಬಿಳಿಯನೊಬ್ಬನಿಗೆ ತಕ್ಕ ಶಾಸ್ತಿಯಾಯಿತೆಂಬ ತೃಪ್ತಿ. ಎದುರಿಗೆ ಬಾರೀಕುಗಳಿದ್ದ ಕಾಲದಲ್ಲಿ ಆ ತೃಪ್ತಿಯನ್ನು ಬೇರೆ ರೀತಿಯಿಂದ ಹೇಳುವಂತಿರಲಿಲ್ಲ. ಸೋಜರನಿಗೆ ಕೇಳಿಸುವಂತೆ ಹೇಳಬಹುದಾದ ಸೋಜರನ ಮೇಲಿನ ಕಥೆಯಿದು! ಹಾಗೆಂದು ಗೋರಿಯನ್ನು ಅಗೆದು ತೀರ್ಮಾನಿಸಬೇಕೆಂಬ ಉತ್ಸಾಹಿಗಳ ಮಾತನ್ನು ನಾನು ಒಪ್ಪೆನು. ಸಂತನೆಂದು ನಂಬಿ ಹೂವಿಡುವವರ ನಂಬಿಕೆಯು ನಮ್ಮ ವಾದಗಳ ಸಾಕ್ಷಿಕಟ್ಟೆಗೆ ಬರತಕ್ಕದ್ದಲ್ಲ. ಮತ್ತು ಎಲುಬಿಗೆ ಫ್ರೆಂಚು ಬರುವುದಿಲ್ಲ.

ಮುಖವಿಲ್ಲದ ಒಡೆಯನಿಗೆ ಜನರ ನೆನಪು ಕೊಟ್ಟ ಇನ್ನೊಂದು ಮುಖವು ಥಾಮಸ್ ಮನ್ರೋವಿನದು. ೧೮೦೦ರಿಂದ ೧೮೦೭ರವರೆಗೆ ಈ ಜಿಲ್ಲೆಗಳ ಪ್ರಧಾನ ಕಲೆಕ್ಟರನಾಗಿದ್ದ ಆತನು ಪಾಳೆಯಗಾರರ ಆಯುಧಗಳನ್ನು ಕಳೆದು, ಹಲವರಿಗೆ ವರ್ಷಾಶನ ಕೊಟ್ಟು ಕೂರಿಸಿ, ರೈತರೊಡನೆ ನೇರವಾಗಿ ಕಂದಾಯದ ಏರ್ಪಾಡು ಮಾಡಿದನು. ೧೮೨೭ರಲ್ಲಿ ಮದರಾಸಿನ ಗವರ್ನರನಾಗಿದ್ದಾಗ ಪತ್ತಿಕೊಂಡದಲ್ಲಿ ತೀರಿಕೊಂಡನು. ಮಂತ್ರಾಲಯದ ಇನಾಮು ಭೂಮಿಯ ವಿಚಾರಣೆಗೆ ಬಂದಿದ್ದಾಗ ರಾಘವೇಂದ್ರಸ್ವಾಮಿಗಳು ಬೃಂದಾವನದಿಂದ ಅವನೊಬ್ಬನಿಗೇ ದರ್ಶನವಿತ್ತು ಮಾತಾಡಿದರೆಂಬ ಐತಿಹ್ಯವನ್ನು ಭಕ್ತರೆಲ್ಲರೂ ಬಲ್ಲರು. ಇಲ್ಲಿ ಅದರ ಸತ್ಯಾಸತ್ಯದ ಚರ್ಚೆಯನ್ನು ನಾನು ಎತ್ತೆನು. ಗಮನಿಸಬೇಕಾದುದಿಷ್ಟೇ: ಪಟಾಲಮುಗಳಲ್ಲಿದ್ದ ಸಾವಿರಾರು ಮಂದಿಯಲ್ಲಿ ಒಬ್ಬನ ಹೆಸರೂ ನಮ್ಮ ಜನರ ಬಾಯಲ್ಲಿ ಉಳಿಯಲಿಲ್ಲ, ಕಂದಾಯದ ಅಧಿಕಾರಿಯು ಉಳಿದನು, ಅದೂ ದೇವರ ಎದುರಿಗೆ ಟೋಪಿ ತೆಗೆದು ನಿಂತವನಾಗಿ. ದಂಡಿನಲ್ಲಿ ಸೋದರಮಾವನುಂಟೇ ಎಂಬ ಗಾದೆಯನ್ನು ಬಲ್ಲ ಜನರು ದಂಡಿನವರಲ್ಲಿ ಒಬ್ಬನನ್ನಾದರೂ ಸೋದರಮಾವನನ್ನಾಗಿ ಮಾಡಿಕೊಳ್ಳಲು ಯತ್ನಿಸಿದಂತಿದೆ. ನಮ್ಮವರ ಈ ಔದಾರ್ಯವನ್ನು ಆಂಗ್ಲರು ತಮ್ಮ ಆಡಳಿತದ ಪ್ರಶಂಸೆಯಾಗಿ ಓದಿಕೊಂಡರು. ಅದು ಪ್ರಶಂಸೆಯೋ, ಇನಾಮನ್ನು ಕೀಳಬಂದವನನ್ನೂ ಗುರುಗಳು ತಿದ್ದಿದರೆಂಬ ಗೆಲುವೋ? ನಾನು ಎರಡನೆಯದೆನ್ನುವೆನು.

ಸೇನಾನೆಲೆಯು ಮುಂದೆ ಸೆರೆಮನೆಯಾಯಿತು. ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಸೆರೆಸಿಕ್ಕ ಬೋಯರರನ್ನು ೧೯೦೧ರ ಸುಮಾರಿಗೆ ಹಿಂದೂಸ್ಥಾನದ ಹಲವು ದಂಡುಗಳಿಗೆ ಕಳುಹಿಸಿದಾಗ ಬಳ್ಳಾರಿಗೂ ಒಂದು ಪಾಲು ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ತುರುಕಿಯ ಸೈನಿಕರು ಇಲ್ಲಿ ಸೆರೆಯಲ್ಲಿದ್ದರು. ೧೯೨೧ರ ಮಲಬಾರಿನ ದಂಗೆಯ ತರುವಾಯ ಮಾಪಿಳ್ಳೆಯರನ್ನು ಇಲ್ಲಿಗೆ ತಂದರು. ಆಮೇಲೆ ಅಲ್ಲೀಪುರದ ಜೈಲಿನಲ್ಲಿ ಸತ್ಯಾಗ್ರಹಿಗಳು ತುಂಬಿದರು. ಕಡಲಾಚೆಯವರು ನಮ್ಮ ನೆಲದಲ್ಲಿ ಕಟ್ಟಿದ ನೆಲೆಗೆ ಮತ್ತೊಂದು ಕಡಲಾಚೆಯಿಂದ ಸೆರೆಯಾಳುಗಳು ಬಂದು ಬೀಳುವುದು ವಿಚಿತ್ರವಲ್ಲವೇ! ಮಲಬಾರಿನ ಮಾಪಿಳ್ಳೆಯರ ಹಾಡುಗಳಲ್ಲಿ ಬಳ್ಳಾರಿಯ ಹೆಸರು ಅಗಲಿಕೆಯ ಹೆಸರಾಗಿ ಉಳಿದಿದೆ. ನಮ್ಮ ಹಾಡುಗಳಲ್ಲಿ ಆ ಸೆರೆಯಾಳುಗಳಿಲ್ಲ. ಒಂದೇ ಸ್ಥಳದ ನೆನಪು ಎಲ್ಲೆಲ್ಲಿ ಹೋಗಿ ಕುಳಿತಿದೆಯೆಂಬುದನ್ನು ತಿಳಿಯಬೇಕಾದರೆ ನಾವು ಮಲೆಯಾಳದ ಪಂಡಿತರನ್ನೂ ಕೇಳಬೇಕು.

ಸಾಹಿತ್ಯೋಪಾಧ್ಯಾಯರಿಗೆ ನಾನು ಹೇಳಬೇಕಾದ ಮಾತು ಹೆಸರುಗಳ ವಿಷಯವಾದುದು. ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳೆಂಬ ಅರ್ಥದಲ್ಲಿ ಈ ಪ್ರದೇಶಕ್ಕಿದ್ದ ‘ದತ್ತಮಂಡಲ’ವೆಂಬ ಹೆಸರು ದೈನ್ಯಸೂಚಕವೆಂದು ತೆಲುಗು ವಿದ್ವಾಂಸರು ೧೯೨೮ರಲ್ಲಿ ನಂದ್ಯಾಲದ ಸಭೆಯಲ್ಲಿ ‘ರಾಯಲಸೀಮೆ’ಯೆಂಬ ಹೆಸರನ್ನು ಎತ್ತಿ ಹಿಡಿದರು. ಒಳ್ಳೆಯ ಹೆಸರು, ವಿಜಯನಗರದ ರಾಯರನ್ನು ನೆನೆಯಿಸುವುದು. ಆದರೆ ದತ್ತವಾದ ಸಂಗತಿಯು ಹೆಸರಿನೊಡನೆ ಅಳಿಯಿತೆ? ಮೈಸೂರು ಸೀಮೆಯಲ್ಲಿ ಹೈದರ್ ಟೀಪುಗಳ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯು ಫ್ರೆಂಚ್ ರಾಕ್ಸ್ ಎನಿಸಿ, ಈಗ ಪಾಂಡವಪುರವಾಗಿದೆ. ಇಂದಿನ ಬಾಲಕನಿಗೆ ಅಲ್ಲಿ ಪಾಂಡವರು ಕಾಣುತ್ತಾರೆ, ಫ್ರೆಂಚರು ಕಾಣರು. ಬ್ರೂಸ್‌ಪೇಟೆ, ಕೌಲ್ ಬಜಾರುಗಳನ್ನೂ ಹೀಗೆಯೇ ತಿದ್ದಬೇಕೆನ್ನುವವರೊಡನೆ ನನ್ನ ವಿವಾದವು ಇಷ್ಟೇ: ಬ್ರೂಸನ ಮೇಲೆ ನನಗೆ ಮಮತೆಯಿಲ್ಲ, ಕೌಲೆಂಬ ಒಂದು ಶಬ್ದದಲ್ಲಿ ಒಂದು ಆಡಳಿತಪದ್ಧತಿಯೇ ಅಡಗಿರುವಾಗ ಅದನ್ನು ಒರಸಿದರೆ ಸಾಕ್ಷಿಯನ್ನು ಊರಾಚೆ ಕಳುಹಿಸಿದಂತಾಗುವುದು. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿದೆ, ಅದಕ್ಕೆ ಕೈಮುಗಿಯುವೆವು. ಅವರು ಹೋಗಿರೆಂದು ಹೇಳಿದುದು ಯಾರಿಗೆ ಎಂಬುದಕ್ಕೆ ಉತ್ತರವು ಅಲ್ಲಿಂದ ಬಳ್ಳಾರಿಯ ಕಡೆಗೆ ಹೋದರೆ ಸಿಕ್ಕುವಂತಿರಬೇಡವೇ?

ಸೊಂಡೂರಿನ ಬೆಟ್ಟಗಳಲ್ಲಿ, ಕೂಡ್ಲಿಗಿಗೆ ದೂರವಲ್ಲದ ರಾಮನದುರ್ಗವು ಮೂರು ಸಾವಿರ ಅಡಿಗಳಿಗೂ ಮಿಕ್ಕಿ ಎತ್ತರವಾದುದು. ಹತ್ತೊಂಬತ್ತನೆಯ ಶತಮಾನದ ನಡುವೆ ಬಳ್ಳಾರಿಯ ಬಿಸಿಲನ್ನು ತಾಳದ ಸೋಜರರ ಆರೋಗ್ಯಕ್ಕಾಗಿ ಅಲ್ಲಿ ಬಿಡಾರಗಳಾದುವು. ರಾಮನ ಹೆಸರಿನ ಬೆಟ್ಟದ ತಂಗಾಳಿಯಲ್ಲಿ ಗುಣವಾಗದೆ ಉಳಿದವರೂ ಇದ್ದರು. ಎಲ್ಲಿಯೋ ಹುಟ್ಟಿ, ಯಾರದೋ ಕಂಪನಿಗೆ ದುಡಿದು ಇಲ್ಲಿ ಮಣ್ಣಾದ ಆ ಹುಡುಗರ ವಿಷಯದಲ್ಲಿ ನನಗೆ ದ್ವೇಷವು ಹುಟ್ಟದು. ನಮ್ಮ ಸಿಪಾಯಿಗಳೂ ಹೀಗೆಯೇ ಇನ್ನಾವುದೋ ನೆಲದಲ್ಲಿ ಮಲಗಿರುವರು.

೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸೊಂಡೂರು, ಸಿರುಗುಪ್ಪಗಳು ಮೈಸೂರಿಗೆ ಸೇರಿ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ೧೮೦೦ರಲ್ಲಿ ಒಂದು ಸೈನ್ಯದ ಖರ್ಚಿಗೆಂದು ಒಟ್ಟುಮಾಡಿದ ಗಂಟು ಆಗ ಬಿಚ್ಚಿಕೊಂಡಿತು. ೨೦೨೧ರಲ್ಲಿ ನಮ್ಮ ಪಡುವಣ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿ ನಿಂತು ಬಳ್ಳಾರಿಯಿಂದಲೂ ಬೇರೆಯಾದುವು. ಇನ್ನು ಮೇಲೆ ದಂಡಿನ ಕಥೆಯು ನೆರೆಯ ಜಿಲ್ಲೆಯ ಕಥೆಯೆಂದು ನಮ್ಮ ಮಕ್ಕಳು ತಿಳಿದಾರೆಂಬ ಭಯವು ನನಗುಂಟು. ಮೆಕೆಂಜಿಯು ಬರೆಯಿಸಿದ ಕೈಫಿಯತ್ತುಗಳಲ್ಲಿ ಕನ್ನಡನಾಡಿಗೆ ಸಂಬಂಧಿಸಿದವು ಕಲಬುರ್ಗಿಯವರ ಸಂಪಾದಕತ್ವದಲ್ಲಿ ಅಚ್ಚಾಗಿವೆ. ಆದರೆ ಅವು ಕಂಪನಿಯು ಕೇಳಿದ ಪ್ರಶ್ನೆಗಳಿಗೆ ಊರವರು ಕೊಟ್ಟ ಉತ್ತರಗಳು. ಊರವರು ತಮ್ಮೊಳಗೆ ಆಡಿಕೊಂಡುದು ಶಬ್ದಗಳಲ್ಲಿ ಮಾತ್ರ ಉಳಿದಿದೆ. ಪಟಾಲಂ, ತುರುಪು, ಬಾರೀಕು, ಕವಾಯತು, ಸೋಜರ ಎಂಬಿವನ್ನು ನನ್ನ ವಿದ್ಯಾರ್ಥಿಗಳು ತಮ್ಮ ಮನೆಗಳ ಹಿರಿಯರಿಂದ ಬರೆದು ತಂದಿರುವರು. ಒಬ್ಬನು ‘ಕ್ಯಾಂಪು’ ಎಂಬುದನ್ನೂ ಬರೆದಿದ್ದನು. ಅದನ್ನು ದಂಡಿನ ಪಟ್ಟಿಗೆ ಸೇರಿಸಹೋದರೆ ಅವನು ತಲೆಯಾಡಿಸಿ, ‘ಅದು ದಂಡಿನದಲ್ಲ ಸ್ವಾಮಿ, ನಮ್ಮ ಅತ್ತೆಯನ್ನು ಕೊಟ್ಟ ಊರು, ಕಾಲುವೆಯ ಕೆಳಗೆ ಭತ್ತ ಬೆಳೆಯುತ್ತಾರೆ’ ಎಂದನು. ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಸಿರುಗುಪ್ಪ, ಗಂಗಾವತಿಗಳ ಕಡೆ ಎದ್ದ ಒಕ್ಕಲುಗಳಿಗೆ ಕ್ಯಾಂಪೆಂದೇ ಹೆಸರು. ಉಪಾಧ್ಯಾಯ ಮಹಾಶಯರು ತಮ್ಮ ತಮ್ಮ ಊರುಗಳಲ್ಲಿ ಇಂತಹ ಶಬ್ದಗಳನ್ನು, ಹೇಳಿದವರ ವಯಸ್ಸು ಮತ್ತು ಊರುಗಳ ಸಹಿತವಾಗಿ ಬರೆದಿಟ್ಟು ಈ ಪತ್ರಿಕೆಗೆ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.